ಮೈದಾನದ ಮಾತು: ಟೀಮ್ ಕೋಚ್ ಕೈಲಿರಬೇಕಾ, ಸ್ಟಾರ್ ಕೈಲಿರಬೇಕಾ?

ಈ ತಿಂಗಳು ಬಂದ ಪತ್ರ, ಮೆಸೇಜ್ ಎಲ್ಲ ಸೇರಿಸಿ ನೋಡಿದ್ರೆ ಹಾಕಿ ಬಗ್ಗೆ ಎರಡೇ ಎರಡು, ಮಿಕ್ಕಿದ್ದೆಲ್ಲ ಫುಟ್‌ಬಾಲ್. ಕೊಡಗಲ್ಲಿ ಇದು ಅಪರೂಪ. ಅದರಲ್ಲೂ ಬಹಳಷ್ಟು ಜನ ಸುತ್ತಿ ಬಳಸಿ ಕೇಳಿರೋದು ಒಂದೇ, ಸೋಲ್ತಾ ಇರೋ ಟೀಮಲ್ಲಿ ಯಾರ ಮಾತು ನಡೀಬೇಕು, ಕೋಚ್‌ದಾ ಇಲ್ಲ ದೊಡ್ಡ ಪ್ಲೇಯರ್‌ದಾ ಅಂತ. ಅದಕ್ಕೇ ಈ ಸಲ ಪೂರ್ತಿ ಜಾಗ ಈ ಒಂದು ವಿಷಯಕ್ಕೇ ಕೊಟ್ಟಿದ್ದೀನಿ.

ಪ್ರಶ್ನೆ: ಸರ್, ನಾನು ನಮ್ಮೂರ ಸೆವೆನ್ಸ್ (ಏಳು ಜನರ ಫುಟ್‌ಬಾಲ್) ಟೀಮಿಗೆ ಮೂರು ವರ್ಷದಿಂದ ಕೋಚ್. ಸಂಬಳ ಏನಿಲ್ಲ, ಆಟದ ಮೇಲಿನ ಪ್ರೀತಿಗೆ ಮಾಡ್ತಿರೋದು. ಹೋದ ಸೀಸನ್‌ನಲ್ಲಿ ಐದು ಟೂರ್ನಿ ಆಡಿ ಐದರಲ್ಲೂ ಮೊದಲ ರೌಂಡಲ್ಲೇ ಸೋತು ಬಂದ್ವಿ. ನಮ್ಮ ಸ್ಟ್ರೈಕರ್ ಒಳ್ಳೇ ಆಟಗಾರ, ಆದ್ರೆ ಪ್ರಾಕ್ಟೀಸಿಗೆ ಬರಲ್ಲ, ಬಂದ್ರೂ ಹೇಳಿದ್ದು ಕೇಳಲ್ಲ. ಹೊರಗೆ ಕೂರಿಸಿದ್ರೆ ನೇರ ಕ್ಲಬ್ ಅಧ್ಯಕ್ಷರಿಗೆ ಫೋನ್ ಮಾಡ್ತಾನೆ, ಅಧ್ಯಕ್ಷರು ನನಗೆ ಫೋನ್ ಮಾಡ್ತಾರೆ. ನಾನು ರಾಜೀನಾಮೆ ಕೊಡೋದಾ, ಅವನನ್ನ ತೆಗೆದು ಹಾಕೋದಾ?
— ಸಿದ್ದಾಪುರದ ಓದುಗರು

ಉತ್ತರ: ಎರಡೂ ಬೇಡ, ಸ್ವಲ್ಪ ತಡೀರಿ. ನಿಮ್ಮ ಪತ್ರದಲ್ಲಿ ನನಗೆ ಕಣ್ಣಿಗೆ ಬಿದ್ದಿದ್ದು ಸ್ಟ್ರೈಕರ್ ಅಲ್ಲ, ಆ ಫೋನು. ಹುಡುಗ ಹಠ ಮಾಡೋದು ಸಹಜ, ಇಪ್ಪತ್ತೆರಡು ವರ್ಷದ ಹುಡುಗನಿಗೆ ಊರೆಲ್ಲ ಹೊಗಳಿದ್ರೆ ತಲೆ ತಿರುಗೋದು ಸಹಜ. ಆದ್ರೆ ಅವನು ಫೋನ್ ಮಾಡಿದಾಗ ಆ ಕಡೆಯಿಂದ ಎತ್ತೋರು ಒಬ್ಬರು ಇದ್ದಾರಲ್ಲ, ಎತ್ತಿ "ಆಯ್ತು ನಾನು ಮಾತಾಡ್ತೀನಿ" ಅಂತಾರಲ್ಲ, ನಿಮ್ಮ ಅಧಿಕಾರ ಹೋಗಿದ್ದು ಅಲ್ಲಿ.

ನನ್ನದೇ ಒಂದು ಹೇಳ್ತೀನಿ. ತುಂಬಾ ವರ್ಷದ ಹಿಂದೆ ನಾನೂ ಒಂದು ತೋಟದ ಹುಡುಗರ ಟೀಮ್ ನೋಡ್ಕೋತಿದ್ದೆ. ನಮ್ಮಲ್ಲೂ ಒಬ್ಬ ಫಾರ್ವರ್ಡ್ ಇದ್ದ, ಜೀಪ್ ಡ್ರೈವರ್, ಎಡಗಾಲು ಬಲಗಾಲು ಎರಡರಲ್ಲೂ ಹೊಡೀತಿದ್ದ, ನೋಡಕ್ಕೇ ಚೆಂದ. ಪ್ರಾಕ್ಟೀಸಿಗೆ ಮಾತ್ರ ಮನಸ್ಸಾದಾಗ ಬರ್ತಿದ್ದ. ಸೆಮಿಫೈನಲ್ ದಿನ ನಾನು ಅವನನ್ನ ಹೊರಗೆ ಕೂರಿಸಿ, ವಾರಪೂರ್ತಿ ಮಳೆಯಲ್ಲಿ ನಾಲ್ಕು ಕಿಲೋಮೀಟರ್ ನಡ್ಕೊಂಡು ಬರ್ತಿದ್ದ ಇನ್ನೊಬ್ಬ ಹುಡುಗನ್ನ ಆಡಿಸ್ದೆ. ಹಾಫ್‌ಟೈಮಲ್ಲಿ ಸೊನ್ನೆ-ಸೊನ್ನೆ. ಆಗ ನಮಗೆ ಜರ್ಸಿ ಕೊಡಿಸಿದವರು, ಎಂಟ್ರಿ ಫೀಸ್ ಕಟ್ಟಿದವರು, ಕೊಡೆ ಹಿಡ್ಕೊಂಡು ಲೈನ್ ಹತ್ರ ಬಂದು ಮೆಲ್ಲಗೆ "ಅವನನ್ನ ಇಳಿಸಿ" ಅಂದ್ರು. ಅಷ್ಟೇ ಹೇಳಿದ್ದು, ಜೋರಾಗೂ ಹೇಳಲಿಲ್ಲ. ನಾನು ಇಳಿಸ್ದೆ. ಅವನು ಹತ್ತು ನಿಮಿಷದಲ್ಲಿ ಗೋಲ್ ಹೊಡೆದ, ನಾವು ಗೆದ್ವಿ, ಎಲ್ಲರೂ ನನ್ನ ಬೆನ್ನು ತಟ್ಟಿದ್ರು.

ಆದ್ರೆ ನನ್ನ ಕಣ್ಣು ಇದ್ದಿದ್ದು ಹೊರಗೆ ಬಂದ ಹುಡುಗನ ಮೇಲೆ. ಬೆಂಚ್ ಮೇಲೆ ಕೂತು ಬೂಟ್ ಬಿಚ್ಚಿ ಕಾಲುಚೀಲ ಹಿಂಡ್ತಾ ಇದ್ದ, ಕೆಂಪು ನೀರು ಇಳೀತಿತ್ತು, ತಲೆ ಎತ್ತಲಿಲ್ಲ. ಮುಂದಿನ ವಾರ ಪ್ರಾಕ್ಟೀಸಿಗೆ ಬರಲಿಲ್ಲ. ಅದರ ಮುಂದಿನ ವಾರ ಅವನ ಜೊತೆಗೆ ಬರ್ತಿದ್ದ ಇನ್ನೂ ಮೂವರು ಬರಲಿಲ್ಲ. ಯಾರೂ ಜಗಳ ಮಾಡಲಿಲ್ಲ, ಯಾರೂ ಏನೂ ಕೇಳಲಿಲ್ಲ, ಸುಮ್ಮನೆ ಬರೋದು ಬಿಟ್ರು. ಮುಂದಿನ ಸೀಸನ್ನಿಗೆ ಟೀಮ್ ಕಟ್ಟಕ್ಕೆ ಹನ್ನೊಂದು ಜನ ಸಿಗಲಿಲ್ಲ ನನಗೆ. ಒಬ್ಬನ ಹಠಕ್ಕೆ ಬಗ್ಗಿದ್ರೆ ಹೋಗೋದು ಆ ಒಬ್ಬನ ಮುಂದಿರೋ ಮರ್ಯಾದೆ ಅಲ್ಲ, ಮಿಕ್ಕ ಹತ್ತು ಜನರ ನಂಬಿಕೆ ಅಂತ ನನಗೆ ಗೊತ್ತಾಗಿದ್ದು ಆವಾಗ. ಇವತ್ತಿಗೂ ಆ ಹುಡುಗ ಸಂತೆಯಲ್ಲಿ ಸಿಕ್ಕಿದ್ರೆ ನಗ್ತಾನೆ, ಮಾತಾಡ್ತಾನೆ, ಫುಟ್‌ಬಾಲ್ ಬಗ್ಗೆ ಮಾತ್ರ ಮಾತಾಡಲ್ಲ.

ಹಾಗಾಗಿ ನೀವು ಮೊದಲು ಮಾತಾಡಬೇಕಾದ್ದು ಅಧ್ಯಕ್ಷರ ಹತ್ರ. ಟೂರ್ನಿ ನಡೀತಿರೋವಾಗ ಅಲ್ಲ, ಈಗಲೇ, ಸೀಸನ್ ಶುರುವಾಗೋಕೆ ಮುಂಚೆ, ಅವರ ಮನೆಗೇ ಹೋಗಿ, ಕಾಫಿ ಕುಡ್ಕೊಂಡು ಸಮಾಧಾನವಾಗಿ. "ನೀವು ನನ್ನನ್ನ ತೆಗೀಬಹುದು, ಅದು ನಿಮ್ಮ ಹಕ್ಕು. ಆದ್ರೆ ನಾನಿರೋವರೆಗೂ ಯಾರು ಆಡಬೇಕು ಅನ್ನೋದು ನಾನು ಹೇಳ್ತೀನಿ, ಹುಡುಗರು ಫೋನ್ ಮಾಡಿದ್ರೆ ಕೋಚ್ ಹತ್ರ ಮಾತಾಡು ಅಂತ ಮಾತ್ರ ಹೇಳಿ" ಅಂತ ಕೇಳಿ. ಅವರು ಒಪ್ಪದೇ ಇದ್ರೆ ಆಮೇಲೆ ರಾಜೀನಾಮೆ ಬಗ್ಗೆ ಯೋಚನೆ ಮಾಡಿ, ಆಗ ಅದರಲ್ಲಿ ಅರ್ಥ ಇರುತ್ತೆ.

ಎರಡನೇದು ಆ ಹುಡುಗನ ಹತ್ರ. ಒಬ್ಬನನ್ನೇ ಕರೆದು ಯಾಕೆ ಬರ್ತಿಲ್ಲ ಅಂತ ಕೇಳಿ, ನಿಜವಾಗ್ಲೂ ಕೇಳಿ. ಕಾಫಿ ಕುಯ್ಲಿನ ಟೈಮಲ್ಲಿ ಡಬಲ್ ಕೆಲಸ ಇರುತ್ತೆ, ಮನೇಲಿ ಯಾರಿಗೋ ಹುಷಾರಿಲ್ಲದೆ ಇರಬಹುದು, ಮೊಣಕಾಲು ನೋವಿದ್ದು ಹೇಳಕ್ಕೆ ಹೆದರ್ತಿರಬಹುದು. ಕಾರಣ ಇದ್ರೆ ಟೈಮ್ ಬದಲಾಯಿಸಿ. ಕಾರಣ ಇಲ್ಲದಿದ್ರೆ ಬೆಂಚ್. ಮತ್ತೆ ದಯವಿಟ್ಟು ಇದನ್ನ ವಾಟ್ಸಾಪ್ ಗ್ರೂಪಲ್ಲಿ ಹಾಕಬೇಡಿ, ಅಲ್ಲಿ ಹಾಕಿದ ಮೇಲೆ ಅವನಿಗೂ ಹಿಂದೆ ಬರಕ್ಕಾಗಲ್ಲ, ನಿಮಗೂ ಆಗಲ್ಲ.

ಕೇರಳದಿಂದ ದುಡ್ಡು ಕೊಟ್ಟು ಕರೆಸೋ ಗೆಸ್ಟ್ ಪ್ಲೇಯರ್‌ಗಳಿಗೂ ಇದೇ ರೂಲ್ ಇರಲಿ. ಅವರು ಮ್ಯಾಚ್ ದಿನ ಮಾತ್ರ ಬರ್ತಾರೆ ಅನ್ನೋದು ಗೊತ್ತು, ಆದ್ರೆ ಎಷ್ಟು ಗಂಟೆಗೆ ಬರಬೇಕು ಅನ್ನೋದಾದ್ರೂ ನೀವೇ ಹೇಳಬೇಕು.

ಪ್ರಶ್ನೆ: 2016ರಲ್ಲಿ ಇಂಗ್ಲೆಂಡಿನ ಲೆಸ್ಟರ್ ಸಿಟಿ ಕ್ಲಬ್ಬನ್ನ ಲೀಗ್ ಚಾಂಪಿಯನ್ ಮಾಡಿದ ಮ್ಯಾನೇಜರ್ (ಅಲ್ಲಿ ಕೋಚಿಗೆ ಹಾಗಂತಾರೆ) ಕ್ಲಾಡಿಯೋ ರಾನಿಯೇರಿನ ಒಂದು ವರ್ಷ ತುಂಬೋದ್ರೊಳಗೆ ತೆಗೆದು ಹಾಕಿದ್ರು. ಆಟಗಾರರೇ ಸೇರ್ಕೊಂಡು ಕಳಿಸಿದ್ರು ಅಂತ ನಮ್ಮ ಹಾಸ್ಟೆಲಲ್ಲಿ ದೊಡ್ಡ ವಾದ. ನಿಜಾನಾ?
— ಮಡಿಕೇರಿಯ ವಿದ್ಯಾರ್ಥಿ

ಉತ್ತರ: ಗೊತ್ತಿರೋದು ಇಷ್ಟು. 2017 ಫೆಬ್ರವರಿ 23ಕ್ಕೆ ರಾನಿಯೇರಿ ಹೋದ್ರು. ಆಗ ಲೆಸ್ಟರ್ 17ನೇ ಜಾಗದಲ್ಲಿತ್ತು, ಕೆಳಗಿನ ಡಿವಿಷನ್ನಿಗೆ ಬೀಳೋ ಜಾಗಕ್ಕೂ ಇವರಿಗೂ ಒಂದೇ ಪಾಯಿಂಟ್ ವ್ಯತ್ಯಾಸ, ಆ ವರ್ಷ ಲೀಗಲ್ಲಿ ಒಂದು ಗೋಲೂ ಹೊಡೆದಿರಲಿಲ್ಲ. ನಾಲ್ಕು ದಿನ ಬಿಟ್ಟು ಲಿವರ್‌ಪೂಲ್ ಬಂತು, ಅದೇ ಹುಡುಗರು 3-1ರಲ್ಲಿ ಗೆದ್ರು, ಸ್ಟ್ರೈಕರ್ ಜೇಮಿ ವಾರ್ಡಿ ಎರಡು ಗೋಲ್. ಹೊಸ ಮ್ಯಾನೇಜರ್ ಕ್ರೇಗ್ ಶೇಕ್ಸ್‌ಪಿಯರ್ ಕೆಳಗೆ ಲೀಗಲ್ಲಿ ಸತತ ಐದು ಮ್ಯಾಚ್ ಗೆದ್ದು ಕೊನೆಗೆ 12ನೇ ಸ್ಥಾನಕ್ಕೆ ಬಂದ್ರು. ಇದನ್ನ ನೋಡಿದವರಿಗೆ ಹೊಟ್ಟೆ ಉರಿಯೋದು ಸಹಜ, ಇಷ್ಟು ಓಡಕ್ಕೆ ಆಗ್ತಿದ್ರೆ ಮೊದಲು ಯಾಕೆ ಓಡಲಿಲ್ಲ ಅಂತ. ವಾರ್ಡಿ ಸೇರಿ ಕೆಲವು ಆಟಗಾರರು ನಮ್ಮ ಕೈವಾಡ ಇಲ್ಲ ಅಂತ ಖಡಾಖಂಡಿತವಾಗಿ ಹೇಳಿದ್ರು.

ನಾನು ಇನ್ನೊಂದು ಕಡೆ ನೋಡ್ತೀನಿ. ಚಾಂಪಿಯನ್ ಆದ ಬೇಸಿಗೆಯಲ್ಲೇ ಎನ್‌ಗೋಲೊ ಕಾಂಟೆನ ಚೆಲ್ಸಿ ಕ್ಲಬ್ಬಿಗೆ ಮಾರಿದ್ರು, ಮಿಡ್‌ಫೀಲ್ಡಲ್ಲಿ ಇಬ್ಬರ ಕೆಲಸ ಒಬ್ಬನೇ ಮಾಡ್ತಿದ್ದವನು, ಮುಂದಿನ ವರ್ಷ ಚೆಲ್ಸಿ ಚಾಂಪಿಯನ್. ಅವನು ಇಲ್ಲದ ಮೇಲೆ ಹಳೇ ಆಟ ಆಡಕ್ಕೆ ಆಗಲ್ಲ, ಹೊಸ ಆಟ ಆಟಗಾರರ ಮನಸ್ಸಿಗೆ ಹೋಗಿಲ್ಲ, ಜೊತೆಗೆ ಯುರೋಪಿನ ದೊಡ್ಡ ಕ್ಲಬ್ಬುಗಳ ಟೂರ್ನಿ ಚಾಂಪಿಯನ್ಸ್ ಲೀಗ್ ಬೇರೆ. ಇದರಲ್ಲಿ ಪಿತೂರಿ ಅನ್ನೋದಕ್ಕಿಂತ ನಂಬಿಕೆ ಸವೆದು ಹೋಗಿದ್ದು ಜಾಸ್ತಿ ಅಂತ ನನ್ನ ಅನಿಸಿಕೆ. ಮೈದಾನದಲ್ಲಿ ಬೇಕಂತ ಸೋಲೋ ಆಟಗಾರ ತೀರಾ ಅಪರೂಪ. ಆದ್ರೆ ಮನಸ್ಸಲ್ಲಿ "ಇವರು ಹೇಳೋದು ಸರಿ ಇಲ್ಲ" ಅಂತ ಇದ್ರೆ ಕಾಲು ಅರ್ಧ ಸೆಕೆಂಡ್ ತಡವಾಗುತ್ತೆ, ಆ ಲೆವೆಲ್ಲಲ್ಲಿ ಅರ್ಧ ಸೆಕೆಂಡ್ ಅಂದ್ರೆ ಗೋಲ್.

ನಿಮ್ಮ ಹಾಸ್ಟೆಲ್ ವಾದಕ್ಕೆ ಇನ್ನೊಂದು ಸೇರಿಸ್ಕೊಳ್ಳಿ. ಜೋಸೆ ಮೌರಿನ್ಹೊ 2015ರ ಮೇ ತಿಂಗಳಲ್ಲಿ ಚೆಲ್ಸಿನ ಚಾಂಪಿಯನ್ ಮಾಡಿ, ಡಿಸೆಂಬರ್ 17ಕ್ಕೆ ಕೆಲಸ ಕಳ್ಕೊಂಡ್ರು, 16 ಮ್ಯಾಚಲ್ಲಿ 9 ಸೋಲು, 16ನೇ ಜಾಗ. ಮ್ಯಾನೇಜರಿಗೂ ಆಟಗಾರರಿಗೂ ಸರಿ ಹೋಗ್ತಿಲ್ಲ ಅಂತ ಕ್ಲಬ್ಬಿನ ಟೆಕ್ನಿಕಲ್ ಡೈರೆಕ್ಟರೇ ಬಾಯಿ ಬಿಟ್ಟು ಹೇಳಿದ್ರು. ಎರಡು ದಿನ ಬಿಟ್ಟು ಚೆಲ್ಸಿ 3-1ರಲ್ಲಿ ಗೆಲ್ತು, ಆದ್ರೂ ಸ್ಟೇಡಿಯಂನಲ್ಲಿ ಜನ ಮೌರಿನ್ಹೊ ಹೆಸರು ಕೂಗ್ತಾ ತಮ್ಮ ಆಟಗಾರರಿಗೇ ಛೀಮಾರಿ ಹಾಕಿದ್ರು. ಗೆದ್ದ ದಿನ ಸ್ವಂತ ಜನರ ಹತ್ರ ಬೈಸ್ಕೊಳ್ಳೋದು ಆಟಗಾರನಿಗೆ ಸಣ್ಣ ಶಿಕ್ಷೆ ಅಲ್ಲ.

ಪ್ರಶ್ನೆ: ನಾನು 24 ವರ್ಷ ಸೇನೆಯಲ್ಲಿದ್ದು ಬಂದವನು. ನಮ್ಮಲ್ಲಿ ಆರ್ಡರ್ ಅಂದ್ರೆ ಆರ್ಡರ್. ಕೋಟಿಗಟ್ಟಲೆ ಸಂಬಳ ತಗೊಳ್ಳೋ ಈ ಹುಡುಗರಿಗೆ ಅದೇ ಶಿಸ್ತು ಯಾಕೆ ಕಲಿಸಕ್ಕಾಗಲ್ಲ?
— ಪೊನ್ನಂಪೇಟೆಯ ನಿವೃತ್ತ ಸುಬೇದಾರರು

ಉತ್ತರ: ಸುಬೇದಾರ್ ಸಾಹೇಬ್ರೇ, ನಮಸ್ಕಾರ. ನಿಮ್ಮ ಮಾತಿನ ಮೇಲೆ ನನಗೆ ಗೌರವ ಇದೆ, ಆದ್ರೆ ಆರ್ಡರ್ ನಡೆಯೋದು ಆರ್ಡರ್ ಕೊಟ್ಟವನ ಹಿಂದೆ ಪೂರ್ತಿ ವ್ಯವಸ್ಥೆ ನಿಂತಾಗ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ನಮ್ಮ ಜಿಲ್ಲೆಯವರೇ ಆದ ಜನರಲ್ ತಿಮ್ಮಯ್ಯನವರು ಭೂಸೇನೆಯ ಮುಖ್ಯಸ್ಥರಾಗಿದ್ದಾಗ 1959ರಲ್ಲಿ ರಾಜೀನಾಮೆ ಕೊಟ್ಟಿದ್ರು, ಆಮೇಲೆ ನೆಹರೂ ಹೇಳಿದ ಮೇಲೆ ವಾಪಸ್ ತಗೊಂಡ್ರು. ರಕ್ಷಣಾ ಸಚಿವ ಕೃಷ್ಣ ಮೆನನ್ ಸೇನೆಯ ಬಡ್ತಿ ವಿಷಯದಲ್ಲಿ ಕೈ ಹಾಕ್ತಿದ್ದಾರೆ ಅನ್ನೋದು ಅದಕ್ಕೆ ಒಂದು ಮುಖ್ಯ ಕಾರಣ. ಅಂಥಾ ಜನರಲ್‌ಗೇ, ತನ್ನನ್ನ ದಾಟ್ಕೊಂಡು ಮೇಲಿಂದ ಕೈ ಬಂದಾಗ ಕೆಲಸ ಮಾಡೋದು ಕಷ್ಟ ಅನಿಸ್ತು. ಫುಟ್‌ಬಾಲ್ ಕ್ಲಬ್ಬಿನ ಮ್ಯಾನೇಜರ್ ಪಾಡು ಯೋಚನೆ ಮಾಡಿ.

2010ರ ವರ್ಲ್ಡ್ ಕಪ್ಪಲ್ಲಿ ಫ್ರಾನ್ಸ್ ಟೀಮಿಗೆ ಆಗಿದ್ದೂ ಇದೇ ಜಾತಿದು. ಕೋಚ್ ರೇಮೋಂಡ್ ಡೊಮೆನೆಕ್. ಟೂರ್ನಿ ಮುಗಿದ ತಕ್ಷಣ ಅವರು ಹೋಗ್ತಾರೆ, ಲೊರಾಂ ಬ್ಲಾಂ ಬರ್ತಾರೆ ಅಂತ ವರ್ಲ್ಡ್ ಕಪ್ಪಿಗೆ ಮುಂಚೆನೇ ಎಲ್ಲರಿಗೂ ಗೊತ್ತಿತ್ತು. ಹೋಗೋ ಸಾಹೇಬರ ಮಾತು ಯಾರು ಕೇಳ್ತಾರೆ? ಮೆಕ್ಸಿಕೊ ಮ್ಯಾಚಿನ ಹಾಫ್‌ಟೈಮಲ್ಲಿ ನಿಕೊಲಾ ಅನೆಲ್ಕಾ ಕೋಚಿಗೆ ಕೆಟ್ಟದಾಗಿ ಬೈದ, ಅವನನ್ನ ಮನೆಗೆ ಕಳಿಸಿದ್ರು. ಅದನ್ನ ವಿರೋಧಿಸಿ ಜೂನ್ 20ಕ್ಕೆ ಮಿಕ್ಕವರೆಲ್ಲ ಪ್ರಾಕ್ಟೀಸ್ ಮಾಡಲ್ಲ ಅಂತ ಬಸ್ ಹತ್ತಿ ಕೂತ್ರು. ಆಮೇಲೆ ಆಗಿದ್ದು ಇನ್ನೂ ಬೇಜಾರು, ತನ್ನ ವಿರುದ್ಧವೇ ನಿಂತ ಆಟಗಾರರ ಹೇಳಿಕೆನ ಡೊಮೆನೆಕ್ ತಾವೇ ಕೈಲಿ ಹಿಡ್ಕೊಂಡು ಪತ್ರಕರ್ತರ ಮುಂದೆ ಓದಿದ್ರು. ನಾನು ಆ ದೃಶ್ಯ ಟಿವಿಯಲ್ಲಿ ನೋಡಿ ಎದ್ದು ಹೊರಗೆ ಹೋಗಿಬಿಟ್ಟೆ, ನೋಡಕ್ಕಾಗಲಿಲ್ಲ. ನಾಲ್ಕು ವರ್ಷದ ಹಿಂದೆ ಫೈನಲ್ ಆಡಿದ್ದ ದೇಶ ಒಂದೇ ಪಾಯಿಂಟಿಗೆ ಗ್ರೂಪಲ್ಲಿ ಕೊನೇ ಸ್ಥಾನಕ್ಕೆ ಬಿತ್ತು. ಬ್ಲಾಂ ಬಂದ ಮೇಲೆ ಮೊದಲ ಮ್ಯಾಚಿಗೆ ವರ್ಲ್ಡ್ ಕಪ್ಪಿಗೆ ಹೋಗಿದ್ದ ಆ 23 ಜನರಲ್ಲಿ ಒಬ್ಬರನ್ನೂ ತಗೊಳ್ಳಲಿಲ್ಲ.

ಬರೀ ಗದರಿದ್ರೂ ಆಗಲ್ಲ. 1974ರಲ್ಲಿ ಬ್ರಯಾನ್ ಕ್ಲಫ್ ಇಂಗ್ಲೆಂಡಿನ ಚಾಂಪಿಯನ್ ಟೀಮ್ ಲೀಡ್ಸ್‌ಗೆ ಮ್ಯಾನೇಜರ್ ಆಗಿ ಬಂದು, ನೀವು ಗೆದ್ದ ಮೆಡಲ್ ಎಲ್ಲ ಎಸೀರಿ, ನ್ಯಾಯವಾಗಿ ಗೆದ್ದಿಲ್ಲ ಅನ್ನೋ ಥರ ಮಾತಾಡಿದ್ರು. 44 ದಿನಕ್ಕೆ ಕೆಲಸ ಹೋಯ್ತು. ಅದೇ ಮನುಷ್ಯ ಆಮೇಲೆ ಎರಡನೇ ಡಿವಿಷನ್ನಲ್ಲಿದ್ದ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಹೋಗಿ 1978ರಲ್ಲಿ ಲೀಗ್, 1979 ಮತ್ತೆ 1980ರಲ್ಲಿ ಯುರೋಪಿಯನ್ ಕಪ್ ಗೆಲ್ಲಿಸಿದ್ರು. ಮನುಷ್ಯ ಅದೇ, ಬಾಯಿ ಅದೇ. ಅಲ್ಲಿ ಅವರ ಹಳೇ ಜೊತೆಗಾರ ಪೀಟರ್ ಟೇಲರ್ ಪಕ್ಕದಲ್ಲಿ ಬಂದು ನಿಂತಿದ್ರು, ಲೀಡ್ಸಿಗೆ ಬಂದಿರಲಿಲ್ಲ. ಜೊತೆಗೆ ಅಲ್ಲಿನ ಹುಡುಗರು ಇನ್ನೂ ಗೆಲ್ಲಬೇಕಾದವರು, ಗೆದ್ದು ಬೀಗಿದವರಲ್ಲ. ಹೊಸದಾಗಿ ಬಂದ ಸಿಒ (ಕಮಾಂಡಿಂಗ್ ಆಫೀಸರ್) ಮೊದಲ ದಿನವೇ ಪಲ್ಟನ್ನಿನ ಹಳೇ ಮೆಡಲಿಗೆ ಅವಮಾನ ಮಾಡಿದ್ರೆ ನಿಮ್ಮ ಜವಾನರಿಗೆ ಹೇಗಾಗ್ತಿತ್ತು, ನೀವೇ ಹೇಳಿ.

ಪ್ರಶ್ನೆ: ಮೊದಲೆಲ್ಲ ಆಟಗಾರರಿಗೆ ಇಷ್ಟು ಪವರ್ ಇರಲಿಲ್ಲ ಅಂತಾರೆ. ಯಾವಾಗ ಬಂತು ಇದು?
— ಕುಶಾಲನಗರದ ಓದುಗರು

ಉತ್ತರ: 1961ರ ಜನವರಿವರೆಗೂ ಇಂಗ್ಲೆಂಡಲ್ಲಿ ಎಂಥಾ ಆಟಗಾರನಿಗೂ ವಾರಕ್ಕೆ 20 ಪೌಂಡ್‌ಗಿಂತ ಜಾಸ್ತಿ ಕೊಡೋ ಹಾಗಿರಲಿಲ್ಲ. ಜಿಮ್ಮಿ ಹಿಲ್ ಮುಂದಾಳತ್ವದಲ್ಲಿ ಆಟಗಾರರ ಸಂಘ ಸ್ಟ್ರೈಕ್ ಮಾಡ್ತೀವಿ ಅಂದ ಮೇಲೆ ಆ ಮಿತಿ ಹೋಯ್ತು, ಫುಲ್ಹಮ್‌ನ ಜಾನಿ ಹೇನ್ಸ್‌ಗೆ ವಾರಕ್ಕೆ 100 ಪೌಂಡ್ ಸಿಕ್ತು. ಆಮೇಲೆ ಬೆಲ್ಜಿಯಂನ ಜಾನ್ ಮಾರ್ಕ್ ಬೋಸ್ಮನ್ ಅನ್ನೋ ಆಟಗಾರ. ಕಾಂಟ್ರಾಕ್ಟ್ ಮುಗಿದಿದ್ರೂ ಅವನ ಕ್ಲಬ್ ದುಡ್ಡು ಕೇಳ್ಕೊಂಡು ಬೇರೆ ಕ್ಲಬ್ಬಿಗೆ ಹೋಗಕ್ಕೆ ಬಿಡಲಿಲ್ಲ. ಅವನು ಕೋರ್ಟಿಗೆ ಹೋದ, 1995 ಡಿಸೆಂಬರ್ 15ಕ್ಕೆ ಯುರೋಪಿನ ನ್ಯಾಯಾಲಯ ಅವನ ಪರವಾಗಿ ತೀರ್ಪು ಕೊಡ್ತು. ಅಲ್ಲಿಂದ ಕಾಂಟ್ರಾಕ್ಟ್ ಮುಗಿದ ಆಟಗಾರ ಫ್ರೀಯಾಗಿ ಹೋಗಬಹುದು.

ಇದನ್ನ ನಾನು ತಪ್ಪು ಅಂತ ಯಾವತ್ತೂ ಹೇಳಲ್ಲ. ಅದಕ್ಕೆ ಮುಂಚೆ ಆಟಗಾರನ ಸ್ಥಿತಿ ಸಾಲದ ಮುಂಗಡ ತಗೊಂಡು ಒಂದೇ ತೋಟದಲ್ಲಿ ಸಿಕ್ಕಿಹಾಕೊಂಡ ಆಳಿನ ಥರ ಇತ್ತು, ಕೆಲಸ ಮುಗಿದ್ರೂ ಬಿಡುಗಡೆ ಇಲ್ಲ. ಆದ್ರೆ ಅದರ ಇನ್ನೊಂದು ಮಗ್ಗುಲೂ ಇದೆ. ಈಗ ಆಟಗಾರ ಕ್ಲಬ್ಬಿನ ಆಸ್ತಿ, ಕಾಂಟ್ರಾಕ್ಟಲ್ಲಿ ಎರಡು ವರ್ಷ ಉಳಿದಿರೋವಾಗ ಅವನು ಮುನಿಸ್ಕೊಂಡ್ರೆ ಬೆಲೆ ಬೀಳುತ್ತೆ. ಟೀಮ್ ಸೋಲ್ತಾ ಇದ್ರೆ 25 ಜನರನ್ನ ಬದಲಾಯಿಸೋಕಾಗಲ್ಲ, ಒಬ್ಬ ಮ್ಯಾನೇಜರ್‌ನ ಬದಲಾಯಿಸಬಹುದು. ಈ ಲೆಕ್ಕ ಆಟಗಾರರಿಗೂ ಗೊತ್ತು, ಮ್ಯಾನೇಜರಿಗೂ ಗೊತ್ತು.

ಆದ್ರೂ ಮಾಲೀಕರು ಗಟ್ಟಿ ನಿಂತ್ರೆ ಮ್ಯಾನೇಜರ್ ಬೆಳೀತಾನೆ. ಅಲೆಕ್ಸ್ ಫರ್ಗುಸನ್ 1986ರ ನವೆಂಬರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದಾಗ ಟೀಮ್ ಪಟ್ಟಿಯಲ್ಲಿ ಕೊನೆಯಿಂದ ಎರಡನೇದಾಗಿತ್ತು, ಮೂರು ವರ್ಷ ಆದ್ರೂ ಒಂದು ಕಪ್ಪಿಲ್ಲ, ಜನ ಬ್ಯಾನರ್ ಹಿಡಿದು ಮನೆಗೆ ಹೋಗು ಅಂದ್ರು, 1990ರಲ್ಲಿ ಲೀಗಲ್ಲಿ 13ನೇ ಸ್ಥಾನ. ಆಡಳಿತ ಮಂಡಳಿ ಕೈ ಬಿಡಲಿಲ್ಲ. ಅದೇ ವರ್ಷ ಎಫ್‌ಎ ಕಪ್ ಬಂತು, ಲೀಗ್ ಬರೋಕೆ 1993 ಆಯ್ತು. ಮುಂದೆ ಬೆಕಮ್, ಸ್ಟಾಮ್, ರಾಯ್ ಕೀನ್ ಥರದ ಸ್ಟಾರ್ ಆಟಗಾರರನ್ನ ಕಳಿಸೋ ಧೈರ್ಯ ಆ ಮನುಷ್ಯನಿಗೆ ಬಂದಿದ್ದು ಆ ಸೋಲಿನ ವರ್ಷಗಳಲ್ಲಿ ಸಿಕ್ಕ ಬೆಂಬಲದಿಂದ ಅಂತ ನಾನು ನಂಬಿದ್ದೀನಿ.

ಪ್ರಶ್ನೆ: ನಾನು ಕೇರಳ ಬ್ಲಾಸ್ಟರ್ಸ್ ಫ್ಯಾನ್. 2023ರಲ್ಲಿ ಬೆಂಗಳೂರಲ್ಲಿ ಎದುರು ಟೀಮಿನ ಸುನಿಲ್ ಚೆಟ್ರಿ ನಾವು ರೆಡಿ ಆಗೋಕೆ ಮುಂಚೆ ಫ್ರೀಕಿಕ್ ಹೊಡೆದು ಗೋಲ್ ಮಾಡಿದಾಗ ನಮ್ಮ ಆಗಿನ ಕೋಚ್ ಇವಾನ್ ವುಕೊಮನೊವಿಚ್ ಟೀಮ್ ಕರ್ಕೊಂಡು ಹೊರಗೆ ಬಂದ್ರು. ಅವರು ಮಾಡಿದ್ದು ಸರಿ ಅಲ್ವಾ ಅಣ್ಣ?
— ವಿರಾಜಪೇಟೆಯ ಹುಡುಗ

ಉತ್ತರ: ಸರಿ ಅಲ್ಲ ಮಗಾ. ನಿನ್ನ ಸಿಟ್ಟು ಅರ್ಥ ಆಗುತ್ತೆ, ಆದ್ರೆ ಎಕ್ಸ್ಟ್ರಾ ಟೈಮಲ್ಲಿ ಇನ್ನೂ ಇಪ್ಪತ್ತು ನಿಮಿಷದ ಮೇಲೆ ಆಟ ಬಾಕಿ ಇತ್ತು, ಒಂದೇ ಗೋಲು ಹಿಂದೆ. ಹೊರಗೆ ಬಂದಿದ್ದಕ್ಕೆ ಮ್ಯಾಚ್ ಹೋಯ್ತು, ಕ್ಲಬ್ಬಿಗೆ 4 ಕೋಟಿ ದಂಡ, ಕೋಚಿಗೆ 10 ಮ್ಯಾಚ್ ನಿಷೇಧ.

ಆದ್ರೂ ಆ ರಾತ್ರಿ ನಾನು ಒಂದು ಗಮನಿಸ್ದೆ, ಕೋಚ್ ಕೈ ಮಾಡಿ ಕರೆದಾಗ ಟೀಮಿಗೆ ಟೀಮೇ ಹಿಂದೆ ಹೋಯ್ತು. ಅದಕ್ಕೆ ನಾಲ್ಕು ವರ್ಷ ಮುಂಚೆ, 2019ರ ಫೆಬ್ರವರಿ 24ಕ್ಕೆ, ಚೆಲ್ಸಿ-ಮ್ಯಾಂಚೆಸ್ಟರ್ ಸಿಟಿ ಲೀಗ್ ಕಪ್ ಫೈನಲ್ ನೆನಪು ಮಾಡ್ಕೊ. ಪೆನಾಲ್ಟಿಗೆ ಇನ್ನೇನು ಎರಡು ನಿಮಿಷ, ಚೆಲ್ಸಿ ಗೋಲ್‌ಕೀಪರ್ ಕೆಪಾಗೆ ಕಾಲು ಹಿಡ್ಕೊಂಡಿದೆ ಅಂತ ಕೋಚ್ ಮೌರಿಝಿಯೊ ಸಾರಿ ಅವನನ್ನ ಹೊರಗೆ ಕರೆದ್ರು, ಬೋರ್ಡಲ್ಲಿ ನಂಬರ್ ಬಂತು, ಇನ್ನೊಬ್ಬ ಕೀಪರ್ ಕಬಯೆರೊ ಗ್ಲೌಸ್ ಹಾಕ್ಕೊಂಡು ಲೈನಲ್ಲಿ ನಿಂತಿದ್ದಾನೆ. ಕೆಪಾ ಬೆರಳಾಡಿಸಿ ಬರಲ್ಲ ಅಂದ. ಬರಲೇ ಇಲ್ಲ. ಸಾರಿ ಸಿಟ್ಟಲ್ಲಿ ಟನಲ್ ಕಡೆ ಹೊರಟು ವಾಪಸ್ ಬಂದ್ರು, ಪೆನಾಲ್ಟಿಯಲ್ಲಿ ಚೆಲ್ಸಿ 4-3ರಲ್ಲಿ ಸೋಲ್ತು. ಆಮೇಲೆ ಇಬ್ಬರೂ ತಪ್ಪು ತಿಳುವಳಿಕೆ ಆಯ್ತು ಅಂದ್ರು, ಕ್ಲಬ್ ಕೆಪಾಗೆ ಒಂದು ವಾರದ ಸಂಬಳ ದಂಡ ಹಾಕ್ತು, ಮುಂದಿನ ಮ್ಯಾಚಿಗೆ ಸಾರಿ ಕಬಯೆರೊನ ಆಡಿಸಿದ್ರು, ಟಾಟನ್‌ಹ್ಯಾಮ್ ವಿರುದ್ಧ 2-0 ಗೆದ್ರು. ಅದರ ಮುಂದಿನ ಮ್ಯಾಚಿಗೆ ಕೆಪಾ ವಾಪಸ್. ನನ್ನ ಮಟ್ಟಿಗೆ ಆ ಒಂದು ವಾರ ಸಾರಿ ತುಂಬಾ ಚೆನ್ನಾಗಿ ನಡ್ಕೊಂಡ್ರು. ಬಿಟ್ಟುಕೊಡಲೂ ಇಲ್ಲ, ಹುಡುಗನ ಬದುಕೂ ಮುಗಿಸಲಿಲ್ಲ, ಆ ಸೀಸನ್ ಕೊನೆಗೆ ಅದೇ ಟೀಮ್ ಯುರೋಪಾ ಲೀಗ್ ಗೆಲ್ತು. ನಿಮ್ಮ ಇವಾನ್‌ಗೆ ಹುಡುಗರ ವಿಶ್ವಾಸ ಅಷ್ಟೊಂದಿತ್ತು, ಅದನ್ನ ಉಳಿದ ಇಪ್ಪತ್ತು ನಿಮಿಷ ಆಡೋದಕ್ಕೆ ಬಳಸಬೇಕಿತ್ತು ಅನ್ನೋದೇ ನನ್ನ ನೋವು.

ಪ್ರಶ್ನೆ: ನನ್ನ ಮಗನಿಗೆ 16 ವರ್ಷ. ಮೂರು ಮ್ಯಾಚಿಂದ ಕೋಚ್ ಅವನನ್ನ ಬೆಂಚಲ್ಲೇ ಕೂರಿಸಿದ್ದಾರೆ. ಟೀಮ್ ಬೇರೆ ಸೋಲ್ತಿದೆ. ಅವನ ಅಪ್ಪ ಹೋಗಿ ಕ್ಲಬ್ಬಿನವರ ಹತ್ರ ಮಾತಾಡ್ತೀನಿ ಅಂತಿದ್ದಾರೆ. ಅವರು ಹೋಗೋದಾ ಬೇಡ್ವಾ?
— ಸೋಮವಾರಪೇಟೆಯ ತಾಯಿ

ಉತ್ತರ: ಅಕ್ಕಾ, ಅವರನ್ನ ತಡೀರಿ. ಅಪ್ಪ ಹೋಗಿ ಮಾತಾಡಿ ಮಗ ಆಡಿದ್ರೆ ಡ್ರೆಸ್ಸಿಂಗ್ ರೂಮಲ್ಲಿ ಅದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತೆ, ಆಮೇಲೆ ಅವನು ಚೆನ್ನಾಗಿ ಆಡಿದ್ರೂ ಅದು ಅವನ ಆಟ ಅಂತ ಯಾರೂ ಒಪ್ಪಲ್ಲ. ಮಗನೇ ಹೋಗಲಿ. ಪ್ರಾಕ್ಟೀಸ್ ಮುಗಿದು ಬಾಲ್ ಎಲ್ಲ ಚೀಲಕ್ಕೆ ತುಂಬೋ ಹೊತ್ತಲ್ಲಿ ಕೋಚಿಗೆ ಸಹಾಯ ಮಾಡ್ತಾ, "ಸರ್, ನಾನು ಏನು ಸರಿ ಮಾಡ್ಕೋಬೇಕು" ಅಂತ ಒಂದು ಮಾತು ಕೇಳಲಿ. ಒಳ್ಳೇ ಕೋಚ್ ಆಗಿದ್ರೆ ಅಲ್ಲೇ ಹೇಳ್ತಾರೆ. ಅಷ್ಟು ಕೇಳಿದ ಮೇಲೂ, ತಿಂಗಳು ಕಳೆದ್ರೂ ಉತ್ತರ ಸಿಗದಿದ್ರೆ ನನಗೆ ಮತ್ತೆ ಬರೀರಿ. ಮತ್ತೆ ಈ ಶನಿವಾರ ಅವನು ಬೆಂಚಲ್ಲಿದ್ರೂ ನೀವಿಬ್ಬರೂ ಮ್ಯಾಚ್ ನೋಡಕ್ಕೆ ಹೋಗಿ, ಮುಗಿಯೋವರೆಗೂ ಇದ್ದು ಅವನ ಜೊತೆಗೇ ಮನೆಗೆ ಬನ್ನಿ.